ಜಮಖಾನದ ಎಣ್ಣೆ ಕುಡಿದ ಹಿಟ್ಟು

ದೀಪದ ಎಣ್ಣೆ ಚೆಲ್ಲಿದ್ದು ನಾನೇ. ನಮ್ಮೂರು ಬನಹಟ್ಟಿ ಇನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ. ಸೋದರತ್ತೆಯನ್ನು ನೋಡಲು ಜಮಖಂಡಿಯವರು ಬರುವ ಹೊತ್ತಿಗೆ, ಮನೆಯಲ್ಲಿದ್ದ ಒಂದೇ ಜಮಖಾನದ ನಡುವೆ ಅಂಗೈಯಗಲ ಕಲೆ! ಅವ್ವ ನೀರು ತಂದಳು.

“ನೀರ ಹಾಕಬ್ಯಾಡ ಬೇ, ಹರಡತೈತಿ,” ಎಂದ ಅಜ್ಜಿ, ಜೋಳದ ಹಿಟ್ಟು ಉದುರಿಸಿ, ಕೆಂಡ ತುಂಬಿದ ತಂಬಿಗೆಯಿಂದ ಒತ್ತಿದಳು. ಎಣ್ಣೆಯನ್ನೆಲ್ಲ ಹಿಟ್ಟು ಕುಡಿಯಿತು. ಪೂರ್ತಿ ಝಾಡಿಸುವ ಮೊದಲೇ ಅವರು ಬಂದು ಕೂತರು. ಏಳುವಾಗ ನೋಡಿದರೆ, ವರನ ಅಪ್ಪನ ಕರಿ ಕೋಟಿಗೆಲ್ಲ ಹಿಟ್ಟು!

“ಏನ್ರೀ ಇದು?”

“ನಮ್ಮ ಹುಡುಗಿ ದಿನಾ ರೊಟ್ಟಿ ಬಡೀತಾಳ್ರಿ, ಮನಿ ತುಂಬ ಹಿಟ್ಟ!” ಎಂದಳು ಅಜ್ಜಿ.

ಅವರು ನಕ್ಕು, ಅಲ್ಲೇ ಸಂಬಂಧ ಒಪ್ಪಿದರು. ಅತ್ತೆಗೆ ಬರುತ್ತಿದ್ದುದು ಮಗ್ಗದ ಕೆಲಸವೊಂದೇ; ರೊಟ್ಟಿ ಬಡಿಯಲು ಬರುತ್ತಲೇ ಇರಲಿಲ್ಲ! ಎಂಥ ಅಜ್ಜಿ ನಮ್ಮವಳು!

ಇದನ್ನು ಮೊಬೈಲಿನಲ್ಲಿ ಬರೆಯುತ್ತಿದ್ದರೆ ಅಡುಗೆಮನೆಯಿಂದ ನನ್ನ ಹೆಂಡತಿ ಕೂಗುತ್ತಿದ್ದಾಳೆ: “ರೀ, ಮೊಬೈಲ್ ಇಡ್ರಿ, ರೊಟ್ಟಿ ಆರಾಕತ್ತಾವು!”

ಬಂದ್ನಿ, ಬಂದ್ನಿ.