ರೈಟಕ್ಕನ ಎರಡು ಫೋನು

ನಮ್ಮ ಅತ್ತಿಗೆ ನನಗಿಂತ ಚಿಕ್ಕವಳು. ಅಣ್ಣನ ಹೆಂಡತಿ ಅನ್ನುವ ಒಂದೇ ಕಾರಣಕ್ಕೆ ನಾನು ಅವಳನ್ನು ಅತ್ತಿಗೆ ಎನ್ನಬೇಕು. ಬಸ್ ಕಂಡಕ್ಟರ್ ಆಗಿದ್ದಳು. ಅಣ್ಣ ಅದೇ ಡಿಪೋದಲ್ಲಿ ಡ್ರೈವರ್. ಹಿಂದಿನ ಬಾಗಿಲಿನಿಂದ ಅವಳು ‘ರೈಟ್’ ಎನ್ನದೆ ಅವನು ಬಸ್ಸು ಎತ್ತುತ್ತಿರಲಿಲ್ಲ. ಮನೆಯಲ್ಲೂ ಅಷ್ಟೇ, ಅವಳು ಹೂಂ ಎನ್ನದೆ ಒಂದು ಕುರ್ಚಿಯನ್ನೂ ಆಚೀಚೆ ಸರಿಸಿದವನಲ್ಲ. ಡಿಪೋದವರು ಅವಳಿಗೆ ರೈಟಕ್ಕ ಎಂದು ಹೆಸರಿಟ್ಟಿದ್ದರು.

ಇಬ್ಬರೂ ನಿವೃತ್ತರಾದ ಮೇಲೆ ಬೇಕರಿಯವರೊಬ್ಬರು ಮಾರಿದ ಹಳೇ ಬ್ರೆಡ್ ವ್ಯಾನನ್ನು ತಂದು ಮನೆ ಮಾಡಿಕೊಂಡರು. ಟ್ರೇ ಇಡುತ್ತಿದ್ದ ಕಬ್ಬಿಣದ ಪಟ್ಟಿಗಳ ಮೇಲೆ ಹಲಗೆ ಹಾಕಿದರೆ ಮಂಚ, ಅದರ ಕೆಳಗೆ ನೀರಿನ ಕ್ಯಾನು, ಹಿಂಬಾಗಿಲ ಹತ್ತಿರ ಒಂದೇ ಒಲೆಯ ಗ್ಯಾಸು, ಗೋಡೆಗೆ ಮಡಚಿಡುವ ಮೇಜು. ಕಿಟಕಿಗಳಿಗೆ ಪರದೆ ಹೊಲಿದವಳು ನಾನು, ನನ್ನದು ಹೊಲಿಗೆ ಅಂಗಡಿ. ಅಳತೆ ತೆಗೆಯುವಾಗ ತಲೆ ಮೂರು ಕಡೆ ತಗುಲಿ, ಇದು ಸಂಸಾರ ಮಾಡುವ ಜಾಗವೇ ಎಂದು ಇಬ್ಬರಿಗೂ ಚೆನ್ನಾಗಿ ಬೈದಿದ್ದೆ. ಆಮೇಲೆ ನನ್ನನ್ನೂ ಒಮ್ಮೆ ಕರೆದುಕೊಂಡು ಹೋದರು. ಕೆರೆಯ ದಂಡೆಯಲ್ಲಿ ಹಿಂಬಾಗಿಲು ತೆರೆದಿಟ್ಟು ಕಾಲು ಇಳಿಬಿಟ್ಟು ಚಹಾ ಕುಡಿದೆ. ಅಲ್ಲಿಂದೀಚೆಗೆ ಬೈಯುವುದನ್ನು ನಿಲ್ಲಿಸಿದ್ದೇನೆ.

ಅಣ್ಣ ತೀರಿಕೊಂಡಾಗ ಇನ್ನು ವ್ಯಾನು ಮಾರಿಬಿಡುತ್ತಾಳೆ ಎಂದೇ ಎಲ್ಲರೂ ಅಂದುಕೊಂಡೆವು. ಅವಳು ಹೋಗಿ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಅಲ್ಲಿನ ಹುಡುಗರ ಜೊತೆ ಸಾಲಲ್ಲಿ ನಿಂತು, ಎರಡು ಸಲ ನಪಾಸಾಗಿ, ಲೈಸೆನ್ಸ್ ತಂದೇ ತಂದಳು. ಇಷ್ಟು ದಿನ ಹಿಂದಿನಿಂದ ರಸ್ತೆ ನೋಡಿದ್ದಾಯಿತು, ಇನ್ನು ಮುಂದಿನಿಂದ ನೋಡುತ್ತೇನೆ ಎಂದಳು. ನನಗೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು.

ಅವಳ ಮಗ ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಾನೆ. ಒಳ್ಳೆಯವನೇ, ಆದರೆ ಹೆದರುಪುಕ್ಕಲ. ದಿನವೂ ಅಪಘಾತದ ಕಾಗದ ನೋಡಿ ನೋಡಿ ಅವನಿಗೆ ರಸ್ತೆಯೆಂದರೆ ಹಾಗೆ. ಅಮ್ಮ ಒಬ್ಬಳೇ ಹೊರಟಾಗ ಒಂದು ಸ್ಮಾರ್ಟ್‌ಫೋನ್ ತಂದು ಕೈಗಿಟ್ಟ. ಅದು ಎಲ್ಲಿದ್ದರೂ ಇವನ ಫೋನಿನ ನಕಾಶೆಯಲ್ಲಿ ನೀಲಿ ಚುಕ್ಕೆಯಾಗಿ ಕಾಣುತ್ತದೆ. ಒಂದು ದಿನ ಚುಕ್ಕೆ ತಪ್ಪಿತೋ, ವ್ಯಾನಿನ ಕೀ ತನ್ನ ಕೈಗೆ, ತಿರುಗಾಟ ಅಲ್ಲಿಗೇ ಬಂದ್ ಎಂದು ಷರತ್ತು ಹಾಕಿದ. ಅವಳು ಆಯಿತು ಎಂದು ಮಾತು ಕೊಟ್ಟಳು. ಕೊಟ್ಟ ಮಾತಿಗೆ ಅವಳು ತಪ್ಪುವವಳಲ್ಲ, ನನಗೆ ಹೆದರಿಕೆ ಹುಟ್ಟಿಸಿದ್ದೇ ಅದು.

ಆ ಫೋನಿನೊಂದಿಗೆ ಅವಳ ಬಾಳುವೆ ನೋಡಬೇಕಿತ್ತು. ವಿಡಿಯೋ ಕಾಲ್ ಬಂದರೆ ಕಿವಿಗಿಟ್ಟುಕೊಳ್ಳುವಳು, ನಮಗೆ ಕಾಣುವುದು ಅವಳ ಓಲೆ ಮಾತ್ರ. ಮನೆಯವರ ಗುಂಪಿಗೆ ಸೂರ್ಯಾಸ್ತವೆಂದು ತನ್ನ ಹೆಬ್ಬೆರಳಿನ ಫೋಟೋ ಕಳಿಸುವಳು. ಆದರೆ ಚಾರ್ಜ್ ಹಾಕಿ, ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿ, ಮಗನಿಗೆ ಕಾಣುವಂತೆ ತಪ್ಪದೆ ಇಟ್ಟುಕೊಂಡಿರುತ್ತಿದ್ದಳು. ತನಗಾಗಿ ಅವಳು ಇಟ್ಟುಕೊಂಡದ್ದು ಹಳೇ ಗುಂಡಿ ಫೋನು, ಕಂಡಕ್ಟರ್ ಚೀಲದಲ್ಲಿ, ಕೊರಳಿಗೆ. ಸಂಜೆ ಚಹಾ ಹೊತ್ತಿಗೆ ಅದನ್ನು ಹಚ್ಚಿ ನನಗೊಂದು ರಿಂಗ್ ಕೊಟ್ಟು ಕಟ್ ಮಾಡುವಳು, ಕ್ಷೇಮ ಎಂದು ಅರ್ಥ. ಮರುಕ್ಷಣ ಆರಿಸಿಬಿಡುವಳು. ಬ್ಯಾಟರಿ ಉಳಿಸುವ ಹುಚ್ಚು ಅವಳಿಗೆ ಯಾಕೆ ಹಿಡಿದಿದೆ ಎಂದು ನಾನು ಕೇಳಿರಲಿಲ್ಲ.

ಮಗ ದಿನವೂ ಚುಕ್ಕೆ ನೋಡುತ್ತಿದ್ದ. ಊಟಕ್ಕೆ ಕೂತಾಗಲೂ ಬೆರಳಿಂದ ನಕಾಶೆ ಹಿಗ್ಗಿಸಿ, ಅಮ್ಮ ಕೆರೆ ಹತ್ತಿರ ಇದ್ದಾಳೆ, ಅಮ್ಮ ಹೆದ್ದಾರಿಯಲ್ಲಿ ಇದ್ದಾಳೆ ಎಂದು ವರದಿ ಒಪ್ಪಿಸುತ್ತಿದ್ದ. ಒಂದು ಭಾನುವಾರವಾದರೂ ಹೋಗಿ ನೋಡಿಕೊಂಡು ಬಾರೋ ಎಂದರೆ, ಕಾಣ್ತಾ ಇದ್ದಾಳಲ್ಲ ಅತ್ತೆ ಅನ್ನುವನು. ಅವನ ಕೈಯಿಂದ ಫೋನು ಕಿತ್ತು ಸಾರಿನ ಪಾತ್ರೆಗೆ ಹಾಕಬೇಕು ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಅವನು ಬಿಳಿಚಿದ ಮುಖ ಹೊತ್ತು ಅಂಗಡಿಗೆ ಬಂದ. ಚುಕ್ಕೆ ಕೆರೆ ಬಿಟ್ಟು ಹೆದ್ದಾರಿಯಲ್ಲಿ ಶರವೇಗದಿಂದ ಓಡುತ್ತಿದೆ, ಆ ವ್ಯಾನು ಜನ್ಮದಲ್ಲಿ ಅಷ್ಟು ಜೋರು ಹೋಗಿದ್ದಿಲ್ಲ. ಫೋನ್ ಮಾಡಿದರೆ ಯಾವುದೋ ಹೆಂಗಸಿನ ದನಿ, ಕೇಳಿಸುತ್ತಿಲ್ಲ ಎಂದು ಕಟ್ ಮಾಡಿತು. ಅವನು ಹೇಳುತ್ತಿರುವಾಗಲೇ ಚುಕ್ಕೆ ಮಾಯವಾಯಿತು. ಸಂಜೆಯ ರಿಂಗ್ ಬಂದಿದೆ ಕಣೋ, ಅವಳು ಕ್ಷೇಮವಾಗಿದ್ದಾಳೆ ಎಂದೆ. ಒಂದು ರಿಂಗ್ ಯಾರು ಬೇಕಾದರೂ ಕೊಡಬಹುದು ಎಂದ. ಗುಂಡಿ ಫೋನಿಗೆ ತಿರುಗಿ ಮಾಡಿ ನೋಡಿದೆ, ಎಂದಿನಂತೆ ಆರಿಸಿಬಿಟ್ಟಿದ್ದಳು.

ಬೆಳಿಗ್ಗೆ ಚುಕ್ಕೆ ಮತ್ತೆ ಹುಟ್ಟಿತು. ಪಕ್ಕದ ಪಟ್ಟಣದಲ್ಲಿ, ದೊಡ್ಡ ಆಸ್ಪತ್ರೆಯ ನೆತ್ತಿಯ ಮೇಲೆ. ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಇಬ್ಬರೂ ಅವನ ಕಾರಿನಲ್ಲಿ ಹೊರಟೆವು. ಆಸ್ಪತ್ರೆಯ ಗೇಟಿನಲ್ಲಿ ಕಾರು ನಿಲ್ಲಿಸಿದವನು ಇಳಿಯಲೇ ಇಲ್ಲ, ಸ್ಟೀರಿಂಗ್ ಹಿಡಿದುಕೊಂಡು ಕೂತೇ ಇದ್ದ. ನಾನೇ ಕೈ ಹಿಡಿದು ಎಬ್ಬಿಸಿದೆ.

ಒಳಗೆ ಕಾವಲುಗಾರನ ಮೇಜಿನ ಮೇಲೆ ಅತ್ತಿಗೆಯ ಫೋನು ಚಾರ್ಜಿಗೆ ಬಿದ್ದಿತ್ತು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಹೆಂಗಸೊಬ್ಬಳು ನಮ್ಮನ್ನು ಕಂಡು ಎದ್ದಳು. ಕೆರೆಯ ಹತ್ತಿರ ವ್ಯಾನುಗಳು ಬಂದು ತಂಗುವ ಬಯಲಿದೆಯಲ್ಲ, ಅಲ್ಲಿ ನಲ್ಲಿ ತೆಗೆದು ನೀರು ಬಿಡುವವಳಂತೆ. ಅವಳ ಅಪ್ಪನನ್ನು ಇಲ್ಲಿ ಸೇರಿಸಿದ್ದರು. ಸುದ್ದಿ ಬಂದ ಹೊತ್ತಿಗೇ ಗಾಬರಿಯಲ್ಲಿ ಅವಳ ಫೋನು ನೀರಿನ ತೊಟ್ಟಿಗೆ ಬಿದ್ದಿತ್ತು. ಅತ್ತಿಗೆ ತನ್ನ ಸ್ಮಾರ್ಟ್‌ಫೋನ್ ಅವಳ ಕೈಗಿಟ್ಟು ಸಂಜೆಯ ಬಸ್ಸು ಹತ್ತಿಸಿದ್ದಳು. ಬೆಳಿಗ್ಗೆ ನಾವು ಮಾಡಿದಾಗ ಆಕೆ ಒಳಗೆ ಅಪ್ಪನ ಹತ್ತಿರ ಇದ್ದಳಂತೆ.

“ವಾಪಸ್ ಹೇಗೆ ಕೊಡ್ಲಿ ಅಂತ ಕೇಳ್ದೆ ಸಾರ್. ನೀನು ಹುಡುಕ್ಕೊಂಡು ಹೋಗ್ಬೇಡ, ಈ ಫೋನ್ ಎಲ್ಲಿರುತ್ತೋ ಅಲ್ಲಿಗೆ ನನ್ನ ಮಗ ಬಂದೇ ಬರ್ತಾನೆ, ಅಪ್ಪ ಹುಷಾರಾದ್ಮೇಲೆ ಅವನ ಕೈಗೆ ಕೊಟ್ಬಿಡು ಅಂದ್ರು,” ಎಂದಳು ಆಕೆ.

ಅವನ ಮುಖಕ್ಕೆ ರಕ್ತ ಮರಳಿದ್ದನ್ನೂ, ಹಿಂದೆಯೇ ಸಿಟ್ಟು ಏರಿದ್ದನ್ನೂ ನೋಡಿದೆ. ಕೈ ಚಾಚಿದ. ಆಕೆ ಫೋನು ಬಿಡಿಸಿ ಕೊಟ್ಟಳು. ಹೊರಗೆ ಬಂದು, ಅಮ್ಮ ಎಲ್ಲಿ ಎಂದು ಅಭ್ಯಾಸಬಲದಿಂದ ನಕಾಶೆ ತೆರೆದರೆ ಚುಕ್ಕೆ ಅವನ ಕೈಯಲ್ಲೇ ಮಿಣಮಿಣ ಅನ್ನುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಗುಂಡಿ ಫೋನು ಇನ್ನೂ ಆರಿತ್ತು, ಬೆಳಗಾದರೆ ಜಾಗ ಬದಲಿಸುವವಳು ಕೆರೆಯಲ್ಲೇ ಇದ್ದಾಳೆಂಬ ಖಾತ್ರಿಯೂ ಇರಲಿಲ್ಲ. ಇನ್ನು ಸಂಜೆಯ ರಿಂಗಿಗೆ ಕಾಯಬೇಕು. ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ನನ್ನ ಫೋನನ್ನು ಮೇಜಿನ ಮಧ್ಯೆ ಇಟ್ಟು ಮಧ್ಯಾಹ್ನವೆಲ್ಲ ಕಾದೆವು. ಇಂದು ಕೀ ಇಸಿದುಕೊಂಡೇ ಬರುವುದು ಎಂದು ಅವನು ಎಷ್ಟು ಸಲ ಹೇಳಿದನೋ. ರಿಂಗ್ ಬಂದದ್ದೇ ತಡ, ಕಟ್ ಆಗುವ ಮೊದಲು ಬಾಚಿಕೊಂಡ. “ಅಮ್ಮ, ಎಲ್ಲಿದ್ದೀಯ?” ಎಂದ. ನನಗೆ ಗೊತ್ತಿದ್ದಂತೆ ಅವನು ಆ ಪ್ರಶ್ನೆಯನ್ನು ಅವಳಿಗೇ ಕೇಳಿದ್ದು ಅದೇ ಮೊದಲು.

ಅವಳು ಕೆರೆ ಬಿಟ್ಟು ಕದಲಿರಲೇ ಇಲ್ಲ. ನಾವು ಹೋದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ಹೆಂಗಸಿನ ಬದಲು ತಾನೇ ಬಂದ ಗಾಡಿಗಳಿಗೆ ನೀರು ಬಿಡುತ್ತಿದ್ದಳು. ಒಬ್ಬರು ಒಂದೇ ಕ್ಯಾನು, ಸಾಲಲ್ಲಿ ಬನ್ನಿ ಎಂದು ಗದರಿಸುತ್ತಲೂ ಇದ್ದಳು. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ನಮ್ಮನ್ನು ವ್ಯಾನಿನೊಳಗೆ ಕೂರಿಸಿ, ಮಗ ಬಾಯಿ ತೆರೆಯುವ ಮೊದಲೇ ಕೀಯನ್ನು ಮಡಚುವ ಮೇಜಿನ ಮೇಲೆ ಇಟ್ಟಳು.

“ಚುಕ್ಕೆ ತಪ್ಪಿತು. ಮಾತು ಅಂದ್ರೆ ಮಾತು, ತಗೋ. ಅವಳಪ್ಪ ಹೇಗಿದ್ದಾರೆ?”

ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರೂ ಕೇಳಿರಲಿಲ್ಲ. ಇಡೀ ಮಧ್ಯಾಹ್ನ ಅದೇ ಆಸ್ಪತ್ರೆಯ ಎದುರು ಕೂತು ಚಹಾ ಕುಡಿದಿದ್ದೆವು.

ಅವಳ ಕಣ್ಣು ಅವನ ಜೇಬಿನ ಮೇಲೆ ಬಿತ್ತು. ಫೋನು ಯಾಕೆ ತಂದೆ ಎಂದು ಕೇಳಿದಳು. ಅದು ನಿನ್ನ ಫೋನಲ್ಲವೇ, ನನಗೊಂದು ಮಾತು ಹೇಳಬೇಕಿತ್ತಲ್ಲವೇ ಎಂದು ಅವನು ತಡವರಿಸಿದ. ಬಸ್ಸು ಹತ್ತಿಸುವ ಮೊದಲು ನಿನಗೆ ಮಾಡಿದ್ದೆ, ನೀನು ಕಟ್ ಮಾಡಿದೆ ಎಂದಳು. ದನಿ ಏರಿಸಲಿಲ್ಲ. ಅವಳು ದನಿ ಏರಿಸದೇ ಇದ್ದರೆ ನನಗೆ ಭಯವಾಗುತ್ತದೆ.

“ನಿಮ್ಮಪ್ಪ ಹೋಗೋ ಹೊತ್ತಲ್ಲಿ ನಾನು ಔಷಧಿ ಅಂಗಡಿ ಸಾಲಲ್ಲಿ ನಿಂತಿದ್ದೆ ಕಣೋ. ಫೋನ್ ಸತ್ತುಹೋಗಿತ್ತು. ಒಳಗಿಂದ ನರ್ಸ್ ಮಾಡ್ತಾನೇ ಇದ್ರಂತೆ, ನಿಮ್ಮಪ್ಪನೂ ನನ್ನ ಕೇಳ್ತಾನೇ ಇದ್ರಂತೆ. ಮಾತ್ರೆ ತಗೊಂಡು ನಾನು ಮೇಲೆ ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ನನ್ನ ಹತ್ರ ಎರಡು ಫೋನ್ ಇದ್ವು, ಅವಳ ಹತ್ರ ಒಂದೂ ಇರ್ಲಿಲ್ಲ. ಈಗ ಅವಳನ್ನ ಒಳಗೆ ಕರೀಬೇಕಾದ್ರೆ ಹೇಗೆ ಕರೀತಾರೆ?”

ಇದನ್ನು ಅವಳು ನನಗೂ ಹೇಳಿರಲಿಲ್ಲ. ಬ್ಯಾಟರಿಯನ್ನು ಕಾಪಾಡಿಕೊಳ್ಳುವ ಅವಳ ಹುಚ್ಚನ್ನು ಎಷ್ಟು ಸಲ ಆಡಿಕೊಂಡು ನಕ್ಕಿದ್ದೆನೋ. ಎದ್ದು ಅವಳ ಪಕ್ಕ ಕೂತೆ. ಮಗ ಎದ್ದು, ಹಿಂಬಾಗಿಲಿಂದ ಇಳಿದು, ಕಾರು ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೊರಟ. ಕೀ ಮೇಜಿನ ಮೇಲೇ ಇತ್ತು. ಅದನ್ನು ಅತ್ತಿಗೆಯೂ ಮುಟ್ಟಲಿಲ್ಲ. ಅವನು ಸಿಟ್ಟಿನಿಂದ ಹೋದನೇ ಎಂದು ನನ್ನನ್ನು ಕೇಳಿದಳು. ನನಗೆಲ್ಲಿ ಗೊತ್ತು.

ಅವತ್ತು ಗುಂಡಿ ಫೋನನ್ನು ಅವಳು ಆರಿಸಲಿಲ್ಲ. ನಾವು ಊಟ ಮುಗಿಸಿ ತಟ್ಟೆ ತೊಳೆಯುವಾಗ ಅದು ಬಡಿದುಕೊಂಡಿತು. ಸ್ಪೀಕರ್ ಹಾಕುವುದು ಅವಳಿಗೆ ಗೊತ್ತಿಲ್ಲ, ಇಬ್ಬರೂ ಕಿವಿ ತಾಗಿಸಿಕೊಂಡು ನಿಂತೆವು. ಮಗ ಆಸ್ಪತ್ರೆಗೆ ಹೋಗಿ ಫೋನು ಆಕೆಗೆ ತಲುಪಿಸಿದ್ದಾನೆ. ಅವಳಪ್ಪನಿಗೆ ಗಂಡಾಂತರ ಕಳೆದಿದೆಯಂತೆ, ನಾಳೆ ವಾರ್ಡಿಗೆ ತರುತ್ತಾರಂತೆ. ಬೆಳಿಗ್ಗೆಯಿಂದ ಆಕೆ ಏನೂ ತಿಂದಿರಲಿಲ್ಲ, ಊಟ ತಂದುಕೊಟ್ಟಿದ್ದಾನೆ. ಆಕೆ ಒಬ್ಬಳೇ ಇರುವುದರಿಂದ ಇವತ್ತು ಅಲ್ಲೇ ಇರುತ್ತಾನೆ.

ಆಮೇಲೆ ಕೇಳಿದ: “ಅಮ್ಮ, ಕೆರೆ ಬಿಟ್ಟ ಮೇಲೆ ಮುಂದೆ ಯಾವ ಕಡೆ ಹೊರಡ್ತೀಯ?”

ಅತ್ತಿಗೆ ಫೋನನ್ನು ನನ್ನ ಕೈಗೆ ತುರುಕಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗಂಡ ಹೋದ ದಿನವೂ ನಮ್ಮ ಮುಂದೆ ಅವಳು ಅತ್ತಿರಲಿಲ್ಲ. ಬೆಟ್ಟದ ಕಡೆಗಂತೆ ಕಣೋ ಎಂದು ನಾನೇ ಹೇಳಿದೆ.

“ಅಲ್ಲಿ ಚಳಿ ಇರುತ್ತೆ ಅತ್ತೆ,” ಅಂದ. “ಸ್ವೆಟರ್ ಇಟ್ಕೊಳ್ಳಕ್ಕೆ ಹೇಳಿ.”