ಬಿದ್ದದ್ದು ಕಣದಲ್ಲೋ, ರಸ್ತೆಯಲ್ಲೋ?

ಕೇಳಿ ಸ್ನೇಹಿತರೇ. ಗಾಯ ಯಾವ ಜಾಗದಲ್ಲಾಯಿತು, ಮನೆಯಲ್ಲೋ, ಹೊಲದಲ್ಲೋ, ರಸ್ತೆಯಲ್ಲೋ ಎಂಬುದಕ್ಕೆ ದಾಖಲೆಯಲ್ಲಿ ಕೋಡ್ ನಂಬರ್ ಹಾಕುವುದು ಆಸ್ಪತ್ರೆಯಲ್ಲಿ ನನ್ನ ಕೆಲಸ. ಇವತ್ತು ಡೆಂಕಣಿಕೋಟೆ ಕಡೆಯವರೊಬ್ಬರು ಬೈಕಿನಿಂದ ಬಿದ್ದು, ಕೈ ಮುರಿದುಕೊಂಡು, ಹೆಂಡತಿಯ ಜೊತೆ ಬಂದಿದ್ದರು.

"ಎಲ್ಲಿ ಬಿದ್ರಿ?"

"ಕಣದಾಗೆ."

"ಅಲ್ಲ ಮೇಡಂ, ಟಾರ್ ರೋಡ್ನಾಗೆ!" ಹೆಂಡತಿ ಥಟ್ಟನೆ ಬಾಯಿ ಹಾಕಿದಳು.

ಇನ್ಶೂರೆನ್ಸಿಗೆ ಕಥೆ ಕಟ್ಟುತ್ತಿದ್ದಾರೆ ಎಂದು ನನಗೆ ಅನುಮಾನ. "ಕಣದಲ್ಲಿ ಬೈಕ್ ಯಾಕೆ ಓಡ್ಸಿದ್ರಿ? ನಿಜ ಹೇಳಿ."

"ನಮ್ಮೂರಾಗೆ ರೋಡೇ ಕಣ, ಮೇಡಂ. ಗಾಡಿ ಹರಿದು ಕಾಳು ಉದುರ್ಲಿ ಅಂತ ಹುರುಳಿ ಹರಡಿದ್ರು. ಜಾರ್ಬುಟ್ಟೆ."

"ಹರಡಿದ್ದು ಯಾರು?"

ಗಂಡ ಸೂರು ನೋಡಿದ. ಹೆಂಡತಿ ನನ್ನನ್ನೇ ದುರುಗುಟ್ಟಿ ನೋಡಿ, "ಅದ್ಯಾಕೆ? ನೀವೇನು ಪೊಲೀಸಾ?" ಎಂದಳು.

ರಸ್ತೆ ಎಂದೇ ಕೋಡ್ ಹಾಕಿದೆ. ಆಕೆಯ ಸೆರಗಿನ ತುಂಬ ಹುರುಳಿ ಹೊಟ್ಟು ಅಂಟಿತ್ತು. ಅದಕ್ಕೆ ನಮ್ಮಲ್ಲಿ ಕೋಡ್ ಇಲ್ಲ.