ಚೊಂಬು ತಟ್ಟಿದರೆ ನಿಲ್ಲುವ ಹೋತ

ಚಿತ್ತಯ್ಯ ತೀರಿಕೊಂಡು ಇಂದಿಗೆ ಹತ್ತೊಂಬತ್ತು ದಿನ. ಅವನು ಹಿರೇಗುಂಟನೂರಿನ ಕುರಿಗಾರ, ನಾನು ಅದೇ ಊರಿನ ಶಾಲೆಯ ಮೇಷ್ಟ್ರು. ಪುಸ್ತಕ ಓದುತ್ತಿದ್ದವನು ನಾನು. ಪ್ರಶ್ನೆ ಕೇಳುತ್ತಿದ್ದವನು ಅವನು. ಮಂದೆಯ ಜೊತೆ ಹೋದಾಗ ಹೊಳಲ್ಕೆರೆ ಕಡೆಯ ಬಿ.ದುರ್ಗದ ಹೊಲದಲ್ಲಿ ಮೂರು ದಿನ ಜ್ವರ ಬಂದು ಹೋಗಿಬಿಟ್ಟ. ಅವನ ವಿಷಯ ನಾಲ್ಕು ಮಾತು ಬರೆದಿಡೋಣವೆಂದು ಕೂತರೆ ಮತ್ತೆ ಮತ್ತೆ ನೆನಪಾಗುವುದು ಅವನ ಮೂಲವ್ಯಾಧಿ. ಸತ್ತವರ ಬಗ್ಗೆ ಬರೆಯುವಾಗ ಇಂಥದ್ದನ್ನು ಬಿಡುವುದು ವಾಡಿಕೆ. ಅವನಿಗೆ ಆ ಸಂಕೋಚ ಇರಲಿಲ್ಲ. ನಾನೂ ಬಿಡುವುದಿಲ್ಲ.

ಅದು ನನಗೆ ತಿಳಿದದ್ದು ಯೂರೋಪಿನಲ್ಲಿ ಯುದ್ಧ ಶುರುವಾದ ವರ್ಷ. ಚಿತ್ತಯ್ಯನಿಗೆ ನಲವತ್ತರ ಹತ್ತಿರ. ಶಾಲೆಯ ಜಗುಲಿಗೆ ಬಂದರೆ ಕೂರುತ್ತಿರಲಿಲ್ಲ, ಕೋಲಿಗೆ ಒರಗಿ ನಿಂತೇ ಮಾತಾಡುತ್ತಿದ್ದ. ಕುರಿಗಾರರ ರೂಢಿ ಎಂದುಕೊಂಡಿದ್ದೆ. ಒಂದು ದಿನ ಅವನ ಪಂಚೆಯಲ್ಲಿ ರಕ್ತದ ಕಲೆ ಕಂಡು ಬಲವಂತ ಮಾಡಿ ಕೇಳಿದಾಗ ತಿಳಿಯಿತು, ಮೂರು ವರ್ಷದಿಂದ ಹೀಗೇ ಇತ್ತಂತೆ. ಗಾಡಿ ಕಟ್ಟಿಸಿ ದುರ್ಗದ ಆಸ್ಪತ್ರೆಗೆ ಕರೆದೊಯ್ದೆ. ಕೂರಲಾರದೆ ಬೋರಲು ಮಲಗಿ, ಗಾಡಿಯ ಹಿಂದಕ್ಕೆ ತಲೆ ಇಳಿಬಿಟ್ಟುಕೊಂಡು ಬಂದ. ನೋವಿನಲ್ಲೂ ಸುಮ್ಮನಿರಲಿಲ್ಲ.

"ಮೇಷ್ಟ್ರೆ, ದಾರಿ ಹಿಂದಕ್ಕೆ ಓಡೋದನ್ನ ಇವತ್ತೇ ನೋಡಿದ್ದು ನೋಡ್ರಿ."

ಶಸ್ತ್ರಕ್ರಿಯೆ ಆಯಿತು. ಎಚ್ಚರ ಬಂದಮೇಲೆ ಮೊದಲು ಕೇಳಿದ್ದು, "ಕೊಯ್ದಿದ್ದು ಎಲ್ಲೈತೆ? ತೋರಿಸ್ರಿ." ಡಾಕ್ಟರು ತಟ್ಟೆಯಲ್ಲಿ ತಂದು ತೋರಿಸಿದರು. ಚಿತ್ತಯ್ಯ ಬಗ್ಗಿ ನೋಡಿ, "ಇಷ್ಟೇನಾ? ಕಾರೆಹಣ್ಣಿನಷ್ಟೂ ಇಲ್ಲ. ಇದಕ್ಕೆ ಮೂರು ವರ್ಷ ಹೆದರಿದ್ನಲ್ಲ," ಎಂದ.

ಮನೆಗೆ ಕಳಿಸುವಾಗ ಡಾಕ್ಟರು ಬೇಕಾದ್ದನ್ನೆಲ್ಲ ಹೇಳಿದರು. ಹೊರಕಡೆಗೆ ಹೋಗಿ ಬಂದ ಮೇಲೆ ಪ್ರತಿ ಸಲವೂ ಉಗುರುಬೆಚ್ಚಗಿನ ಶುದ್ಧ ನೀರಿನಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಗುಡ್ಡದಲ್ಲಿ ನೀರಿಲ್ಲವೆಂದು ಕಲ್ಲಿನಿಂದ ಒರೆಸುವ ಅಭ್ಯಾಸ ಇನ್ನು ಕೂಡದು. ನೀರಿನಲ್ಲಿ ತೊಳೆದು, ಆಮೇಲೆ ಒಗೆದ ಹಳೆಯ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಬೇಕು. ರಾತ್ರಿ ಹರಳೆಣ್ಣೆ. ತಿಣುಕಬಾರದು. "ಬಂದಾಗ ಹೋಗು, ತಡೆದುಕೊಳ್ಳಬೇಡ. ದಿನಾ ಹೇಗೆ ಹೋಗುತ್ತದೆ ನೋಡಿಕೊ. ಕೆಟ್ಟಿದ್ದರೆ ತಕ್ಷಣ ಬಾ."

"ಬಂದಾಗ ಹೋದ್ರೆ ಮಂದೆ ನಿಲ್ಲಲ್ಲ ಸ್ವಾಮಿ," ಎಂದ ಚಿತ್ತಯ್ಯ.

ಅವನ ಚಿಂತೆಯೆಲ್ಲ ಅದೇ. ದೀಪಾವಳಿಯ ಮಾರನೆಯ ದಿನ ಮುನ್ನೂರು ಕುರಿಗಳ ಮಂದೆ ಹೊಳಲ್ಕೆರೆ ಕಡೆಯ ಹೊಲಗಳಿಗೆ ಹೊರಡುತ್ತದೆ. ಒಂಬತ್ತನೆಯ ವಯಸ್ಸಿನಿಂದ ಅವನು ಒಂದು ವರ್ಷವೂ ತಪ್ಪಿಸಿದವನಲ್ಲ. ಈಗ ಉಳಿದಿದ್ದದ್ದು ಆರು ವಾರ. ತಮ್ಮ ಮುದ್ದಣ್ಣ ಖಡಾಖಂಡಿತ ಹೇಳಿಬಿಟ್ಟಿದ್ದ: "ಹೆಜ್ಜೆಗೊಂದ್ಸಲ ಕುಂತ್ಕಂಡ್ರೆ ನಿನ್ನ ಹೊಟ್ಟೆಗೆ ಮಂದೆ ಕಾಯ್ತೈತೇನಣ್ಣ? ತೋಳ ಕಾಯ್ತೈತಾ? ನೀನು ಮನ್ಯಾಗಿರು." ಮನೆಯಲ್ಲಿರುವ ಕುರಿಗಾರ ಎಂದರೇನೆಂದು ಚಿತ್ತಯ್ಯನಿಗೆ ತಿಳಿಯದು.

ಹೆಂಡತಿ ಕೆಂಚಕ್ಕ ದನಕ್ಕೆ ನೀರಿಡುವ ಹಳೆಯ ಬಾನಿಯನ್ನು ಬೂದಿ ಹಾಕಿ ಮೂರು ಸಲ ತಿಕ್ಕಿ, ಕುದಿನೀರು ಸುರಿದು, ಹಿತ್ತಲಲ್ಲಿ ತಡಿಕೆ ಕಟ್ಟಿ ಇಟ್ಟಳು. ಪಕ್ಕದ ಮನೆಯ ಹುಚ್ಚಕ್ಕ ಗೋಡೆಯಾಚೆಯಿಂದ, "ಏನೇ ಕೆಂಚಿ, ಎಮ್ಮೆ ಯಾವಾಗ ತಂದ್ರಿ?" ಎಂದಳು.

"ತಂದು ಇಪ್ಪತ್ತು ವರ್ಸ ಆತಕ್ಕ. ಹಾಲು ಕರೆಯಲ್ಲ, ಬರೀ ನೀರಾಗೆ ಕುಂತ್ಕಂತೈತೆ."

ತಡಿಕೆಯ ಒಳಗಿಂದ ಚಿತ್ತಯ್ಯನೂ ನಕ್ಕ.

ಹತ್ತನೆಯ ದಿನ ಮತ್ತೆ ರಕ್ತ ಕಂಡಿತು. ಮುಖ ಬಿಳಿಚಿಕೊಂಡಿತ್ತು. ಹೋಗಿ ಕೇಳಿದೆ: "ಹೆಂಗೆ ಹೋಗ್ತೈತೆ ಚಿತ್ತಯ್ಯ?"

"ಅದೇನೋ ಭೇಷಾಗೈತೆ ಮೇಷ್ಟ್ರೆ. ಗುಂಡಗೆ, ಒಣಗಿ, ಬಿಡಿ ಬಿಡಿ. ಆ ಎಣ್ಣೆ ಕುಡಿದಾಗ ಕೆಟ್ಟಿತ್ತು, ಮೆತ್ತಗೆ ಬಂದಿತ್ತು. ಎಣ್ಣೆ ಚೆಲ್ಲಿದೆ. ನೀರೂ ಕಮ್ಮಿ ಮಾಡ್ದೆ. ಈಗ ಸರಿಯಾಗೈತೆ. ರಕ್ತ ಯಾಕೆ ಬರ್ತೈತೋ ಅದೇ ತಿಳೀತಿಲ್ಲ."

ನನಗೂ ಅರ್ಥವಾಗಲಿಲ್ಲ. ನಾನು ನಂಬಲಿಲ್ಲ ಅಂದುಕೊಂಡನೋ ಏನೋ, ಮೆಲ್ಲಗೆ ಹೆಜ್ಜೆ ಇಡುತ್ತ ನನ್ನನ್ನು ಕುರಿ ರೊಪ್ಪಕ್ಕೆ ಕರೆದೊಯ್ದ. ಬೇಲಿಯ ಬುಡದಲ್ಲಿ ಬಗ್ಗಿ ಹಿಡಿ ಹಿಕ್ಕೆ ಎತ್ತಿ, ಅಕ್ಕಸಾಲಿಗ ಚಿನ್ನದ ಗುಂಡು ತೋರಿಸುವಂತೆ ಅಂಗೈ ಚಾಚಿದ.

"ನೋಡ್ರಿ. ಗುಂಡಗೆ, ಗಟ್ಟಿ, ಒಂದಕ್ಕೊಂದು ಅಂಟಿಲ್ಲ. ಈ ಕುರಿಗೆ ಏನೂ ಆಗಿಲ್ಲ. ಅಗೋ ಅಲ್ಲಿ ಮೆತ್ತಗೆ ಬಿದ್ದೈತಲ್ಲ, ಆ ಕುರಿ ನಾಳೆ ಮೇವು ಬಿಡ್ತೈತೆ. ಹಿಕ್ಕೆ ನೋಡಿ ಹೇಳ್ತೀನಿ ನಾನು, ಕುರಿ ನೋಡೋದೇ ಬ್ಯಾಡ."

ಆಗ ತಿಳಿಯಿತು.

"ಚಿತ್ತಯ್ಯ, ನೀನು ಕುರಿ ಅಲ್ಲಪ್ಪ."

ಅವನು ಅಂಗೈಯನ್ನೇ ನೋಡುತ್ತ ನಿಂತ. ಹಿಕ್ಕೆಯನ್ನು ಕೆಳಕ್ಕೆ ಸುರಿದು, "ಹೌದಲ್ರಿ," ಎಂದ. "ಮುನ್ನೂರು ಕುರಿದು ದಿನಾ ನೋಡ್ತೀನಿ. ನಂದು ನಾನು ಯಾವತ್ತೂ ನೋಡಿರ್ಲಿಲ್ಲ. ಕತ್ಲಾಗೆ ಹೋಗೋದು, ಕತ್ಲಾಗೆ ಬರೋದು. ಹಂಗಾರೆ ಮನುಷ್ಯಂದು ಹೆಂಗಿರ್ಬೇಕು ಮೇಷ್ಟ್ರೆ?"

ಅಷ್ಟು ಪುಸ್ತಕ ಓದಿದ್ದೆ, ಒಂದರಲ್ಲೂ ಅದು ಇರಲಿಲ್ಲ. ಮತ್ತೆ ಗಾಡಿ ಕಟ್ಟಿಸಿದೆವು. ಡಾಕ್ಟರು ಗಾಯ ನೋಡಿ ಬೈದರು, ಕಾರಣ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಆಮೇಲೆ ಹೇಳಿದರು: "ಮಾಗಿದ ಬಾಳೆಹಣ್ಣಿನ ಹಾಗೆ ಇರಬೇಕು. ತಿಳಿಯಿತೆ?"

ಅಂದಿನಿಂದ ಚಿತ್ತಯ್ಯ ತನ್ನ ಹೊಟ್ಟೆಯನ್ನೇ ಮೇಯಿಸತೊಡಗಿದ. ಹುರುಳಿ ಸಾರು, ರಾಗಿಮುದ್ದೆ ಮಾತ್ರ ಉಂಡರೆ ಮಾರನೆಯ ದಿನ ಕುರಿಯ ಹಾಗೆ. ಅಣ್ಣೆಸೊಪ್ಪು, ಮಜ್ಜಿಗೆ ಸೇರಿದರೆ ಬಾಳೆಹಣ್ಣಿನ ಹಾಗೆ. ಎದ್ದ ತಕ್ಷಣ ಒಂದು ಚೊಂಬು ನೀರು ಕುಡಿದರೆ ತಿಣುಕುವ ಮಾತೇ ಇಲ್ಲ. ಇದನ್ನೆಲ್ಲ ಬೆಳಗ್ಗೆ ಶಾಲೆಯ ಜಗುಲಿಗೆ ಬಂದು ಮಕ್ಕಳ ಎದುರಿಗೇ ವರದಿ ಒಪ್ಪಿಸುತ್ತಿದ್ದ. ಕುರಿಯ ಕರುಳು ಬಹಳ ಉದ್ದ, ಅದು ನೀರನ್ನೆಲ್ಲ ಹೀರಿಕೊಳ್ಳುತ್ತದೆ ಎಂದು ನಾನು ಎಲ್ಲೋ ಓದಿದ್ದನ್ನು ಹೇಳಿದೆ. ಅವನ ಕಣ್ಣು ಅಗಲವಾಯಿತು.

"ಅದಕ್ಕೇ! ಬ್ಯಾಸಿಗ್ಯಾಗೆ ಎರಡು ದಿನ ನೀರಿಲ್ದಿದ್ರೂ ನಡೀತಾವೆ. ನೀರು ಹೊಟ್ಟ್ಯಾಗೇ ಕಟ್ಕಂಡಿರ್ತಾವೆ ಅನ್ರಿ."

ಗಾಯ ಮಾಯುತ್ತ ಬಂತು. ಆದರೆ "ಬಂದಾಗ ಹೋಗು" ಎಂಬ ಮಾತು ಹಾಗೇ ಉಳಿದಿತ್ತು. ಬೆಳಗಿಂದ ಸಂಜೆಯವರೆಗೆ ತಡೆದು ತಡೆದೇ ಈ ರೋಗ ಬಂದದ್ದೆಂದು ಡಾಕ್ಟರು ಹೇಳಿದ್ದರು. ನಡೆಯುವ ಮಂದೆಯ ಹಿಂದೆ ಅವನು ಮತ್ತೆ ತಡೆಯಲೇಬೇಕು. ತಡೆದರೆ ಮತ್ತೆ ಅದೇ. ಆ ದಿನಗಳಲ್ಲಿ ಸಂಜೆ ಹೊತ್ತು ರೊಪ್ಪದ ಕಡೆಯಿಂದ ಟಣ್ ಟಣ್ ಸದ್ದು ಕೇಳುತ್ತಿತ್ತು. ಏನೆಂದು ಕೇಳಿದರೆ ಚಿತ್ತಯ್ಯ ನಕ್ಕು ಮಾತು ತಿರುಗಿಸುತ್ತಿದ್ದ.

ದೀಪಾವಳಿ ಕಳೆಯಿತು. ಮುದ್ದಣ್ಣ ಬೇಡವೆಂದರೂ ಚಿತ್ತಯ್ಯ ಕಂಬಳಿ ಹೊದ್ದು, ಹೆಗಲಿಗೆ ಹಿತ್ತಾಳೆ ಚೊಂಬು ಕಟ್ಟಿಕೊಂಡು ಹೊರಟ. ನಾನೂ ಕೆರೆ ಏರಿ ದಾಟುವವರೆಗೆ ಜೊತೆಗೆ ನಡೆದೆ. ಮಂದೆಯ ಮುಂದೆ ಕರಿ ಹೋತ, ಅದರ ಹಿಂದೆ ಕುರಿಗಳು. ಬಿಸಿಲೇರಿದಾಗ ಚಿತ್ತಯ್ಯನ ನಡಿಗೆ ನಿಧಾನವಾಯಿತು.

"ನೋಡಿದ್ರಾ ಮೇಷ್ಟ್ರೆ? ಊರು ದಾಟಿಲ್ಲ, ಆಗ್ಲೇ ಶುರುವಾತು," ಎಂದ ಮುದ್ದಣ್ಣ. "ಹೋಗ್ರಿ, ಮನೆಗೆ ಕರ್ಕಂಡು ಹೋಗ್ರಿ."

ಚಿತ್ತಯ್ಯ ಚೊಂಬು ಇಳಿಸಿ ಕೋಲಿನಿಂದ ಎರಡು ಸಲ ತಟ್ಟಿದ. ಟಣ್, ಟಣ್. ಮುಂದಿದ್ದ ಹೋತ ನಿಂತು ತಿರುಗಿ ನೋಡಿತು. ಹಿಂದಿನ ಕುರಿಗಳು ಅದರ ಸುತ್ತ ಗುಂಪುಗೂಡಿದವು, ತಲೆ ತಗ್ಗಿಸಿ ಮೇಯತೊಡಗಿದವು. ಮಂದೆಯೇ ನಿಂತಿತು.

"ಲೇ ಮುದ್ದ, ನೀನೂ ಹೋಗೋದಿದ್ರೆ ಹೋಗಿ ಬಾ," ಎಂದು ಹೇಳಿ, ಚೊಂಬು ಹಿಡಿದು ಪೊದೆಯ ಮರೆಗೆ ಹೋದ. ಬಂದು, ಗಂಟು ಬಿಚ್ಚಿ ಬೂದಿ ತೆಗೆದು ಕೈ ತೊಳೆದು, ಹೋತಕ್ಕೆ ಒಂದು ಹಿಡಿ ಹುರುಳಿ ಕೊಟ್ಟ.

"ಹೆಂಗಿತ್ತು?" ಎಂದೆ.

"ಬಾಳೆಹಣ್ಣು ಮೇಷ್ಟ್ರೆ," ಎಂದು ನಡೆದ.

ಆಮೇಲೆ ಹನ್ನೊಂದು ವರ್ಷ ಅವನು ಮಂದೆ ತಪ್ಪಿಸಲಿಲ್ಲ. ಆ ಕರಿ ಹೋತ ಸತ್ತಮೇಲೆ ಇನ್ನೊಂದಕ್ಕೆ ಕಲಿಸಿದ. ಮೊನ್ನೆ ಮುದ್ದಣ್ಣ ಸುದ್ದಿ ಹೇಳಲು ಬಂದಾಗ ಅದೇ ಚೊಂಬು ಅವನ ಹೆಗಲಲ್ಲಿತ್ತು. ಜಗುಲಿಯ ಮೇಲೆ ಕೂತು ಚೊಂಬನ್ನು ತೊಡೆಯ ಮೇಲಿಟ್ಟುಕೊಂಡ.

"ಅಣ್ಣನ್ನ ಮಣ್ಣು ಮಾಡಿ ಹೊಂಟ್ವಿ ಮೇಷ್ಟ್ರೆ. ದಾರ್ಯಾಗೆ ಯಾಕೋ ಏನೋ, ಚೊಂಬು ತಟ್ಟಿದೆ. ಹೋತ ನಿಂತ್ಕಂತು. ಮುಂದಕ್ಕೆ ಹೊಡೆಯಾಕೆ ಮನಸ್ಸು ಬರ್ಲಿಲ್ಲ. ಸುಮಾರು ಹೊತ್ತು ಹಂಗೇ ನಿಂತಿದ್ವಿ."